ಓದಿದ ಹಾಗೆ

ಖತೀಜಮ್ಮ ನದಿಯಾಚೆಯ ಬೆಂಗ್ರೆಯಿಂದ ಹತ್ತು ಗಂಟೆಯ ದೋಣಿಗೆ ಬರುತ್ತಿದ್ದರು. ಸಂಸದರ ಕಚೇರಿಯಲ್ಲಿ ನನ್ನ ಮೇಜಿನೆದುರು ಕುಳಿತು, ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿ ಮುಂದಿಡುತ್ತಿದ್ದರು. ಅದರಲ್ಲಿ ಅವರ ಮಗ ಅರಾಫತ್ ಕಳಿಸಿದ ಧ್ವನಿ ಸಂದೇಶವಿತ್ತು. ಅವನು ಕೆಲಸಕ್ಕಿದ್ದ ತೈಲ ಹಡಗನ್ನು ದೂರದ ದೇಶವೊಂದು ತಡೆದಿಟ್ಟು ಏಳು ತಿಂಗಳಾಗಿತ್ತು. ಹಡಗಿನ ಮಾಲೀಕರು ಫೋನ್ ಎತ್ತುತ್ತಿರಲಿಲ್ಲ. ದೆಹಲಿಯಲ್ಲಿ ಯಾರಾದರೂ ತಮ್ಮ ಹೆಸರು ಹಿಡಿದು ಕೇಳಿದರೆ ಹಿಡಿದಿಟ್ಟವರು ತಮ್ಮನ್ನು ಮನುಷ್ಯರೆಂದು ಎಣಿಸಬಹುದು ಎಂದು ಅವನು ಹೇಳಿದ್ದ.

ಸಂಸದರು ಸದನದಲ್ಲಿ ಎತ್ತುವ ವಿಷಯಗಳನ್ನು ಬರೆದುಕೊಡುವುದು ನನ್ನ ಕೆಲಸ. ಕಡಲ್ಕೊರೆತ, ಏರುವ ಬಿಸಿಲು, ಯಾವುದೋ ದೇಶದ ಯುದ್ಧ. ನಾನು ಬರೆದದ್ದನ್ನು ಟಿವಿಯಲ್ಲಿ ಬೇರೆಯವರ ದನಿಯಲ್ಲಿ ಕೇಳಿ, ಕಾವೂರಿನ ಬಾಡಿಗೆ ಕೋಣೆಗೆ ಹೋಗಿ, ಅಲ್ಲಿ ಯಾರೊಂದಿಗೂ ಮಾತಿಲ್ಲದೆ ಇರುವುದು ರೂಢಿಯಾಗಿತ್ತು.

ಲೋಕಸಭೆಯ ನಿಯಮ ಮುನ್ನೂರ ಎಪ್ಪತ್ತೇಳರ ಅಡಿಯಲ್ಲಿ ಸಂಸದರು ಒಂದು ವಿಷಯವನ್ನು ಸದನದಲ್ಲಿ ಓದಬಹುದು. ಇನ್ನೂರೈವತ್ತು ಪದ ಮೀರುವಂತಿಲ್ಲ. ಸಭಾಧ್ಯಕ್ಷರ ಒಪ್ಪಿಗೆ ಸಿಕ್ಕ ಬರಹಕ್ಕೆ ಒಂದಕ್ಷರ ಸೇರಿಸುವಂತಿಲ್ಲ. ಪರದೇಶಗಳಲ್ಲಿ ಸಿಕ್ಕಿಬಿದ್ದ ಭಾರತೀಯ ನಾವಿಕರ ಬಗ್ಗೆ ನಾನು ಇಂಗ್ಲಿಷಿನಲ್ಲಿ ಬರೆದೆ. ಕೊನೆಯ ವಾಕ್ಯದಲ್ಲಿ ಅರಾಫತ್‌ನ ಹೆಸರಿತ್ತು, ಬೆಂಗ್ರೆಯೂ ಇತ್ತು.

ದೆಹಲಿಯಲ್ಲಿದ್ದ ಸಂಸದರ ಆಪ್ತ ಕಾರ್ಯದರ್ಶಿ ಚಿತ್ತರಂಜನ ಫೋನ್ ಮಾಡಿದರು.

"ಒಬ್ಬನ ಹೆಸರು ಎಂತಕ್ಕೆ? ಇದು ಲೋಕಸಭೆ ಮಾರಾಯ್ತಿ, ಬೆಂಗ್ರೆಯ ಜಮಾತಿನ ಮೀಟಿಂಗ್ ಅಲ್ಲ."

ನಾನು ವಾದಿಸಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಸುಮ್ಮನಿದ್ದೆ. ಆ ಮೌನ ಅವರಿಗೆ ಕಷ್ಟವಾಗಿರಬೇಕು. ಆಯ್ತು, ಇರಲಿ ಎಂದರು. ಎರಡು ದಿನದಲ್ಲಿ ಒಪ್ಪಿಗೆಯೂ ಬಂತು. ಸೋಮವಾರ ಸಾಹೇಬರು ನಿಮ್ಮ ಮಗನ ಹೆಸರು ಹೇಳುತ್ತಾರೆ ಎಂದು ಖತೀಜಮ್ಮನಿಗೆ ಮಾತು ಕೊಟ್ಟುಬಿಟ್ಟೆ. ಅವರು ಅದನ್ನು ಮಗನಿಗೆ ತಿಳಿಸಿದರು.

ಸೋಮವಾರ ಮಧ್ಯಾಹ್ನ ಕಚೇರಿಯ ಟಿವಿಯ ಮುಂದೆ ನಾವಿಬ್ಬರೇ ಇದ್ದೆವು. ಸದನದಲ್ಲಿ ಬೇರಾವುದೋ ವಿಷಯಕ್ಕೆ ಗದ್ದಲವೆದ್ದಿತ್ತು. ಸದಸ್ಯರು ಫಲಕ ಹಿಡಿದು ಮುಂದಕ್ಕೆ ನುಗ್ಗಿದ್ದರು. ಪೀಠದಲ್ಲಿದ್ದವರು, ನಿಯಮ ಮುನ್ನೂರ ಎಪ್ಪತ್ತೇಳರ ವಿಷಯವಿದ್ದವರು ತಮ್ಮ ಬರಹವನ್ನು ಮೇಜಿಗೆ ಕಳಿಸಿರಿ, ಓದಿದ ಹಾಗೆಯೇ ಪರಿಗಣಿಸಲಾಗುವುದು ಎಂದರು. ನಮ್ಮ ಸಂಸದರು ಅರ್ಧ ಎದ್ದು ಒಂದು ಹಾಳೆ ಕೊಟ್ಟು ಕುಳಿತರು. ಮರುಕ್ಷಣ ಸದನವನ್ನು ಮುಂದೂಡಲಾಯಿತು.

ಖತೀಜಮ್ಮ ಪರದೆಯನ್ನು ಇನ್ನೂ ನೋಡುತ್ತಿದ್ದರು. "ಹೇಳಿದ್ರಾ ಮಗಳೇ?"

ಹಾಳೆ ಕೊಟ್ಟರೆ ಓದಿದ ಹಾಗೆ, ನಾಳೆ ಅಚ್ಚಿನಲ್ಲೂ ಬರುತ್ತದೆ ಎಂದು ವಿವರಿಸಿದೆ.

"ಓದಿದ ಹಾಗೆ ಅಂದ್ರೆ ಎಂತ? ಓದಿದ್ದಾ, ಇಲ್ವಾ?"

"ಇಲ್ಲ."

ಅವರ ಮೊಬೈಲ್ ಸದ್ದು ಮಾಡಿತು. ಅರಾಫತ್‌ನ ದನಿ, ಹಿಂದೆ ಗಾಳಿ. ಹನ್ನೆರಡು ಮಂದಿ ಒಂದೇ ಫೋನಿನಲ್ಲಿ ನೋಡುತ್ತಿದ್ದೆವು, ನಡುವೆ ನೆಟ್ ಕಡಿದುಹೋಯಿತು, ನನ್ನ ಹೆಸರು ಬಂತಾ ಉಮ್ಮಾ ಎಂದು ಕೇಳಿದ್ದ. ಅವನ ಬ್ಯಾರಿ ಭಾಷೆ ನನಗೆ ಅಷ್ಟು ಅರ್ಥವಾಯಿತು.

ಖತೀಜಮ್ಮ ಫೋನನ್ನು ಮಡಿಲಲ್ಲಿ ಮಗುಚಿಟ್ಟರು. ನಾನು ಕಿಟಕಿಯ ಕಡೆ ತಿರುಗಿದೆ. ಒಂದು ಸುಳ್ಳು ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಅವರು ನನ್ನ ಮೇಜಿನ ಕಡೆ ಕೈ ತೋರಿಸಿದರು.

"ಅವನಿಗೆ ನಾನು ಇಷ್ಟರವರೆಗೆ ಸುಳ್ಳು ಹೇಳಿದ್ದಿಲ್ಲ. ನಿನ್ನ ಹತ್ರ ಆ ಕಾಗದ ಉಂಟಲ್ಲ? ನೀನು ಓದು. ಒಬ್ಬರಾದ್ರೂ ಓದಿದ್ದು ಅಂತ ಆಗ್ಲಿ."

ಪ್ರತಿಯನ್ನು ತೆಗೆದೆ. ಕುಳಿತು ಓದಲು ಆಗಲಿಲ್ಲ, ಎದ್ದು ನಿಂತೆ. ನಾನು ಬರೆದದ್ದನ್ನು ನನ್ನ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಮೊದಲ ಸಾಲಿನಿಂದ ಓದತೊಡಗಿದೆ. ಖತೀಜಮ್ಮನಿಗೆ ಇಂಗ್ಲಿಷ್ ಬರದು. ತಲೆ ಬಗ್ಗಿಸಿ ಕಾಯುತ್ತಿದ್ದರು. ಹೆಸರು ಬಂದಾಗ ಕೈ ಎತ್ತಿ ನನ್ನನ್ನು ತಡೆದರು.

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ. ಅವರು ಫೋನನ್ನು ತುಟಿಯ ಹತ್ತಿರ ಹಿಡಿದು, ಬಂತು ಮಗನೇ, ಒಬ್ಬಳು ಹುಡುಗಿ ಎದ್ದು ನಿಂತು ನಿನ್ನ ಹೆಸರು ಹೇಳಿದಳು, ನಾನು ಕಿವಿಯಾರೆ ಕೇಳಿದೆ ಎಂದು ಹೇಳಿ ಕಳಿಸಿದರು. ಎಲ್ಲಿ ಎಂದು ಹೇಳಲಿಲ್ಲ.

ಸಂದೇಶದ ಕೆಳಗೆ ಒಂದೇ ಟಿಕ್ ಗುರುತು ಮೂಡಿತು. ಎರಡನೆಯದು ಬಂದರೆ ತಲುಪಿತೆಂದು ಅವರಿಗೆ ನಾನೇ ಕಲಿಸಿದ್ದೆ. ಅವರು ಮರಳಬೇಕಿದ್ದ ನಾಲ್ಕರ ದೋಣಿ ಹೊರಟುಹೋಯಿತು. ನಾವಿಬ್ಬರೂ ಆ ಒಂದು ಗುರುತನ್ನು ನೋಡುತ್ತ ಕುಳಿತೆವು.