ಹಳದಿ ದೀಪದ ಅಪ್ಪಣೆ

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸಾರಿಗೆ ಕಚೇರಿಯವರು ಟೀಚರಮ್ಮನಿಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟಾಗಿತ್ತು, ಅದೂ ಮೊದಲ ಸಲಕ್ಕೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ಅವಳು. ಯಾವ ಪೆಡಲನ್ನು ಎಷ್ಟು ಒತ್ತಬೇಕೆಂದು ಅವಳ ಕಾಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಾರಿನ ಕೀಲಿ ಇದ್ದದ್ದು ಗಂಡನ ಅಂಗಿಯ ಜೇಬಿನಲ್ಲಿ. ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿ ನಿವೃತ್ತರಾದ ಅವರನ್ನು ಬೀದಿಯೆಲ್ಲ ಬಾಯ್ಲರ್ ಸಾಹೇಬರು ಎನ್ನುತ್ತಿತ್ತು. ಸರ್ಕಾರ ಅವರನ್ನು ಮನೆಗೆ ಕಳಿಸಿತ್ತೇ ಹೊರತು, ತಪಾಸಣೆ ಅವರನ್ನು ಬಿಟ್ಟಿರಲಿಲ್ಲ.

ಟೀಚರಮ್ಮನಿಗೆ ಬೇಕಾಗಿದ್ದದ್ದು ಲೋಕಸಂಚಾರವಲ್ಲ. ಊರಿನ ಆ ತುದಿಯಲ್ಲಿ ಅವಳ ಅಕ್ಕ ಇದ್ದಳು. ಮಂಡಿಯ ಆಪರೇಷನ್ ಆದ ಮೇಲೆ ಮೆಟ್ಟಿಲಿಳಿಯಲಾರದೆ ಮಹಡಿಯ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಸಾಹೇಬರು ತಮಗೆ ತೋಚಿದಾಗ ಟೀಚರಮ್ಮನನ್ನು ಕರೆದೊಯ್ಯುತ್ತಿದ್ದರು, ಇಲ್ಲವೆಂದಲ್ಲ. ತಾವು ಕಾರಿನಲ್ಲೇ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಮುಗಿದರೆ ಅಕ್ಕತಂಗಿಯರ ಮಾತೂ ಮುಗಿದಿರಬೇಕು, ಕೆಳಗಿನಿಂದ ಹಾರ್ನ್ ಕೇಳುತ್ತಿತ್ತು. ಅಕ್ಕ ಹೇಳಲು ಶುರುಮಾಡಿದ ಎಷ್ಟೋ ಸಂಗತಿಗಳು ಅರ್ಧಕ್ಕೇ ನಿಂತಿದ್ದವು. ಒಂದೇ ಒಂದು ಮಧ್ಯಾಹ್ನ ಯಾರೂ ಕೆಳಗೆ ಕಾಯದಂತೆ ಅಕ್ಕನ ಮಂಚದ ಮೇಲೆ ಕಾಲು ಚಾಚಿ ಕೂರಬೇಕು, ಟೀಚರಮ್ಮ ಡ್ರೈವಿಂಗ್ ಕಲಿತದ್ದು ಇಷ್ಟಕ್ಕೇ.

ಲೈಸೆನ್ಸ್ ಬಂದ ವಾರವೇ ಕಾರಿನ ಒಂದು ಟೈರ್ ಮೊಳೆ ತಿಂದಿತು. ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚುವಾಗ, ಒಳಗೆ ಕೂತು ಗಾಳಿಯ ಲೆಕ್ಕ ಹೇಳುವ ಸೆನ್ಸರಿನ ಕತ್ತು ಮುರಿಯಿತು. ಹೊಸದು ಹಾಕಿದರು. ಸಾಹೇಬರ ಮನೆಯಲ್ಲಿ ಒಂದು ನಿಯಮವುಂಟು: ಹಳೇ ಪಾರ್ಟ್ ಕೈಗೆ ಬಾರದೆ ಹೊಸ ಪಾರ್ಟಿಗೆ ಪರ್ಸು ಬಿಚ್ಚುವುದಿಲ್ಲ. ಬದಲಾಯಿಸಿದೆವೆಂದು ಸುಳ್ಳು ಹೇಳುವ ಖದೀಮರಿರುತ್ತಾರಂತೆ. ಹೀಗಾಗಿ ಸತ್ತ ಮಿಕ್ಸಿ ಮೋಟಾರು, ತೂತಾದ ನಲ್ಲಿ, ಸುಟ್ಟ ಸ್ವಿಚ್ಚು, ಎಲ್ಲವೂ ಆ ಮನೆಯಲ್ಲಿ ಪಿಂಚಣಿ ಪಡೆಯುತ್ತಾ ಕೂತಿದ್ದವು. ಆ ಹಳೇ ಸೆನ್ಸರೂ ಕಾರಿನ ಖಾನೆಯಲ್ಲಿ ಕೂತು ಮನೆಗೆ ಬಂತು.

ಮಾರನೆಯ ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಟೈರಿನಲ್ಲಿ ಗಾಳಿ ಇಲ್ಲ ಎಂಬ ದೀಪ.

ಸಾಹೇಬರು ಹಿತ್ತಾಳೆಯ ಗೇಜು ತಂದು ನಾಲ್ಕೂ ಚಕ್ರಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಗಾಳಿ ಬೇಕಾದಷ್ಟಿತ್ತು. ದೀಪ ಮಾತ್ರ ಆರಲಿಲ್ಲ.

"ಗಾಳಿ ಸರಿ ಇದೆಯಲ್ಲ, ನಾನು ಹೊರಡ್ಲಾ?" ಎಂದಳು ಟೀಚರಮ್ಮ.

"ಗಾಳಿ ಸರಿ ಇದ್ರೆ ಸಾಲದು ಕಣೇ. ಅಲಾರಂ ಯಾಕೆ ಹೊಡ್ಕೋತಿದೆ ಅಂತ ಗೊತ್ತಾಗ್ಬೇಕು. ಅಲಾರಂ ಅಲಕ್ಷ್ಯ ಮಾಡಿ ಸಿಡಿದ ಬಾಯ್ಲರ್‌ಗಳನ್ನ ನಾನು ಕಣ್ಣಾರೆ ನೋಡಿದೀನಿ."

"ಇದು ಬಾಯ್ಲರ್ ಅಲ್ಲ ರೀ."

"ಒಳಗೆ ಒತ್ತಡ ಇರೋದೆಲ್ಲ ಬಾಯ್ಲರ್ರೇ. ದೀಪ ಆರಲಿ, ಆಮೇಲೆ ನೀನೇ ಹೋಗುವೆಯಂತೆ."

ಬಲು ಸೂಕ್ಷ್ಮದ ದೀಪ ಅದು. ಸಾಹೇಬರು ಕ್ಲಬ್ಬಿಗೆ ಇಸ್ಪೀಟಾಡಲು ಹೋಗುವಾಗ ಅದರಿಂದ ಯಾವ ಅಪಾಯವೂ ಇರಲಿಲ್ಲ. ಬ್ಯಾಂಕಿಗೆ, ತರಕಾರಿಗೆ, ಕ್ಷೌರಕ್ಕೆ ಹೋಗುವಾಗಲೂ ಟೈರುಗಳು ಗಟ್ಟಿಯಾಗಿಯೇ ಇರುತ್ತಿದ್ದವು. ಟೀಚರಮ್ಮ ಕೀಲಿ ಕೇಳಿದ ಕ್ಷಣದಲ್ಲಿ ಮಾತ್ರ ನಾಲ್ಕೂ ಚಕ್ರ ಸಿಡಿಯುವ ಸಂಭವವಿತ್ತು.

ಹಾಗೆಂದು ಸಾಹೇಬರು ಸುಮ್ಮನೆ ಕೂರಲಿಲ್ಲ. ಕೂತರೆ ಜನ ಏನೆಂದಾರು? ಮೊದಲು ಅವರ ತಮ್ಮನಿಗೆ ಫೋನ್ ಹೋಯಿತು. ಟೀಚರಮ್ಮನ ಈ ಮೈದುನ ಸೈಕಲ್ಲನ್ನೂ ನೆಟ್ಟಗೆ ಹೊಡೆದವನಲ್ಲ, ಆದರೆ ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ. ಬ್ಯಾಟರಿ ವಯರು ಕಿತ್ತು ಮತ್ತೆ ಹಾಕಲು ಹೇಳಿದ. ಗಡಿಯಾರ ತಪ್ಪು ಹೊತ್ತು ತೋರಿಸತೊಡಗಿತು, ರೇಡಿಯೋ ಮೂಕವಾಯಿತು, ದೀಪ ಮೊದಲಿನಂತೆಯೇ ಇತ್ತು. ಆಮೇಲೆ ಕಾರು ಕಂಪನಿಯ ಸರ್ವಿಸ್ ಸೆಂಟರ್. ಅಲ್ಲಿ ಕೊರಳಿಗೆ ಪಟ್ಟಿ ನೇತುಹಾಕಿಕೊಂಡ ಸರ್ವಿಸ್ ಅಡ್ವೈಸರ್, ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟು, "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಸರ್" ಎಂದ. ಕಾರನ್ನು ತೊಳೆದು ಒರೆಸಿಯೂ ಕೊಟ್ಟರು. ಗಾಜಿನ ಧೂಳು ಹೋದದ್ದರಿಂದ ಹಳದಿ ದೀಪ ಇನ್ನೂ ಚೆನ್ನಾಗಿ ಕಂಡಿತು.

"ನೋಡು, ನನ್ನ ಕೈಲಾದ್ದೆಲ್ಲ ಮಾಡ್ದೆ," ಎಂದರು ಸಾಹೇಬರು. ಅವರ ಮುಖದಲ್ಲಿ ಬೇಸರ ಹುಡುಕಿದರೂ ಟೀಚರಮ್ಮನಿಗೆ ಸಿಗಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಅವಳ ಮಗಳು ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋಗಲು ಬರುತ್ತಿದ್ದಳು, ಮನೆ ಖಾಲಿ ಮಾಡುವುದೆಂದು ನಿರ್ಧಾರವಾಗಿತ್ತು. "ಭಾನುವಾರ ಹೊರಡ್ತೀನಿ ಕಣೇ. ಅಷ್ಟರಲ್ಲಿ ಒಂದು ಸಲ ಬಂದು ಹೋಗು. ಪುರಸೊತ್ತಾಗಿ ಬಾ," ಎಂದಳು. ಆ ಪುರಸೊತ್ತು ಎನ್ನುವ ಮಾತು ಕೇಳಿ ಟೀಚರಮ್ಮ ಗಂಡನ ಅಂಗಿಯ ಜೇಬಿನತ್ತ ನೋಡಿದಳು. ಅಂದು ಶುಕ್ರವಾರ.

ಮಧ್ಯಾಹ್ನ ಸಾಹೇಬರು ಊಟ ಮುಗಿಸಿ, ಅಂಗಿ ಕಳಚಿ ಗೂಟಕ್ಕೆ ಹಾಕಿ, ಗೊರಕೆಯ ಉದ್ಯೋಗದಲ್ಲಿ ತೊಡಗಿದರು. ಟೀಚರಮ್ಮ ಆ ಅಂಗಿಯ ಜೇಬಿಗೆ ಕೈಹಾಕಿದಳು. ಸ್ವಂತ ಮನೆಯಲ್ಲಿ, ಸ್ವಂತ ಕಾರಿಗೆ ಕಳ್ಳಿಯಾಗಬೇಕಾಯಿತಲ್ಲ ಎಂದು ಅವಳಿಗೆ ನಗು ಬಂತು. ಹಳದಿ ದೀಪವನ್ನು ಎದುರಿಗಿಟ್ಟುಕೊಂಡೇ ಕಾರು ಹೊರಡಿಸಿದಳು. ಬೀದಿಯ ತಿರುವು ದಾಟಿದಳು, ಟೈರು ಸಿಡಿಯಲಿಲ್ಲ. ದೊಡ್ಡ ರಸ್ತೆ ಸೇರಿದಳು, ಆಗಲೂ ಸಿಡಿಯಲಿಲ್ಲ. ಅದೇನಿದೆಯೋ ಒಂದು ಸಲ ತೀರಿಸಿಬಿಡೋಣವೆಂದು ನೇರ ಟೈರ್ ಅಂಗಡಿಯ ಮುಂದೆ ನಿಲ್ಲಿಸಿದಳು.

ಅಂಗಡಿಯವನು ಬಾಯಿಗೂ ಕಂಪ್ರೆಸರ್ ಜೋಡಿಸಿಕೊಂಡ ಆಸಾಮಿ. ದೀಪ ನೋಡಿದವನೇ ಹೋ ಎಂದು ನಕ್ಕ. "ಇನ್ನೂ ಹಾಗೇ ಓಡಿಸ್ತಿದೀರಾ? ಆ ಹಳೇ ಸೆನ್ಸರ್ ಎಲ್ಲಿಟ್ಟಿದಾರೆ ಸಾಹೇಬ್ರು?"

ಟೀಚರಮ್ಮ ಡ್ಯಾಶ್‌ಬೋರ್ಡಿನ ಖಾನೆ ತೆಗೆದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ್ದ ಪೊಟ್ಟಣ ಅಲ್ಲಿತ್ತು.

"ಇದೇ ನೋಡಿ ಕಿತಾಪತಿ. ಕತ್ತು ಮುರಿದಿದೆ ಅಷ್ಟೆ, ಜೀವ ಹೋಗಿಲ್ಲ. ಹೊಸದನ್ನ ಕಾರಿಗೆ ಪರಿಚಯ ಮಾಡಿಸಿಲ್ಲ, ಕಾರು ಇನ್ನೂ ಈ ಹಳೇದರ ಮಾತೇ ಕೇಳ್ತಿದೆ. ಇದು ಖಾನೇಲಿ ಕೂತ್ಕೊಂಡು ಒಂಚೂರೂ ಗಾಳಿ ಇಲ್ಲ, ಗಾಳಿ ಇಲ್ಲ ಅಂತಿದೆ. ಅದೇನೂ ಸುಳ್ಳು ಹೇಳ್ತಿಲ್ಲ ಪಾಪ."

"ಮೊದಲೇ ಹೇಳಬಾರದಿತ್ತೇನಪ್ಪಾ?"

"ಚೆನ್ನಾಗಿ ಕೇಳಿದ್ರಿ! ಅವತ್ತು ಪರಿಚಯ ಮಾಡಿಸೋ ಮೆಷಿನ್ ಕೆಟ್ಟಿತ್ತು. ರಿಪೇರಿ ಆಗಿದ್ದೇ ತಡ, ನಾನೇ ಸಾಹೇಬ್ರಿಗೆ ಫೋನ್ ಮಾಡ್ದೆ. ಬನ್ನಿ ಸಾರ್, ಒಂದು ನಿಮಿಷದ ಕೆಲಸ ಅಂದೆ. ಅವ್ರೇ, ಇರಲಿ ಬಿಡಯ್ಯಾ, ಆ ದೀಪ ಒಂದಷ್ಟು ದಿನ ಹಾಗೇ ಇರಲಿ ಅಂದ್ರು. ನಾನೇನು ಮಾಡ್ಲಿ?"

ಅವನು ಮೆಷಿನ್ ತಂದು ಚಕ್ರಕ್ಕೆ ಹಿಡಿದ. ದೀಪ ಆರಿತು. ಇಷ್ಟು ಸುಲಭವಾಗಿ ಆರುವಂಥದ್ದು ತನ್ನನ್ನು ಇಷ್ಟು ದಿನ ಆಳಿತಲ್ಲ ಎಂದು ಅವಳಿಗೆ ಮೈ ಉರಿಯಿತು.

ಅಲ್ಲಿಂದಲೇ ಅಕ್ಕನ ಮನೆಗೆ ಹೋಗಬಹುದಿತ್ತು. ಆದರೆ ಕದ್ದು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಮನೆಗೆ ಬಂದಾಗ ಸಾಹೇಬರು ಗೇಟಿನಲ್ಲೇ ಬನಿಯನ್ನಿನಲ್ಲಿ ನಿಂತಿದ್ದರು. ಅವಳು ಇಳಿದು ಪೊಟ್ಟಣವನ್ನು ಅವರ ಅಂಗೈಯಲ್ಲಿಟ್ಟಳು.

"ತಗೊಳ್ಳಿ, ನಿಮ್ಮ ಹಳೇ ಪಾರ್ಟ್. ದೀಪ ಆರಿದೆ. ಟೈರ್ ಅಂಗಡಿಯವನು ನಿಮಗೆ ಫೋನ್ ಮಾಡಿದ್ದನ್ನೂ ಹೇಳ್ದ."

ಬಾಯ್ಲರ್‌ಗಳ ಬಗ್ಗೆ ಏನಾದರೂ ಹೇಳುವರೆಂದು ಅವಳು ಕಾದಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಹೊಲಿದು ಸಿದ್ಧಮಾಡಿಕೊಂಡಿದ್ದಳು. ಸಾಹೇಬರು ಆ ಪೊಟ್ಟಣವನ್ನೇ ನೋಡುತ್ತಾ ನಿಂತರು.

"ನೀನು ಕಾರ್ ತಗೊಂಡು ಹೊರಟುಬಿಟ್ರೆ," ಎಂದರು ಕೊನೆಗೆ, "ನಾನೊಬ್ಬನೇ ಈ ಮನೇಲಿ ಏನ್ ಮಾಡ್ಲಿ ಹೇಳು?"

ಅದು ನಾಟಕವಾಗಿರಲಿಲ್ಲ. ಆ ಮನುಷ್ಯ ನಿಜವಾಗಿಯೂ ಹೆದರಿದ್ದ. ಟೀಚರಮ್ಮನಿಗೆ ಅಯ್ಯೋ ಅನ್ನಿಸಿತು. ಆದರೆ ಕೀಲಿಯನ್ನು ಕೊಡಬೇಕು ಅನ್ನಿಸಲಿಲ್ಲ.

"ನೀವು ವಾರಗಟ್ಟಲೆ ಟೂರ್ ಹೋಗ್ತಿದ್ರಲ್ಲ, ಆಗ ಶಾಲೆಯಿಂದ ಬಂದು ನಾನೊಬ್ಬಳೇ ಈ ಮನೇಲಿ ಇರ್ತಿದ್ನಲ್ಲ? ಅವಾಗ ನಾನೇನು ಮಾಡ್ತಿದ್ನೋ ಅದನ್ನೇ ನೀವೂ ಮಾಡಿ."

ಸಾಹೇಬರು ತಲೆಯೆತ್ತಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಏನ್ ಮಾಡ್ತಿದ್ದೆ?"

"ಕಾಯ್ತಿದ್ದೆ," ಎಂದಳು ಟೀಚರಮ್ಮ. ಕಾರು ಹತ್ತಿ, ಅಕ್ಕನ ಮನೆಯ ದಿಕ್ಕಿಗೆ ಹೊರಟಳು.