ಗೋವಿಂದಾ ಅಂದರೆ ಎತ್ತುವ ಫೋನು

ಇದು ಖರೇನೇ ನಡೆದದ್ದು. ಇದರಲ್ಲಿ ಸುಳ್ಳಿನ ಪಾಲು ಏನಾದರೂ ಇದ್ದರೆ ಅದು ರಘೂತ್ತಮನದು, ಹೇಳುವವರದಲ್ಲ. ಜಮಖಂಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಆತನ ಗಂಟಲೊಳಗೆ ಅರ್ಧ ಊರು ಬಾಡಿಗೆಗಿದೆ ಅಂತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗುವ ಕಂಟ್ರೋಲರ್, ಮಠದ ಆಚಾರ್ಯರು, ಹಸಿದ ಎಮ್ಮೆಕರು, ಎಲ್ಲರ ದನಿಯನ್ನೂ ತೆಗೆಯುತ್ತಾನೆ. ಎಲ್ಲಕ್ಕಿಂತ ಛಲೋ ತೆಗೆಯುವುದು ಸ್ವಂತ ಅಣ್ಣ ಕೃಷ್ಣಾಜಿಯ ದನಿ. ಆ ದನಿಯಿಂದಲೇ ಆತ ತನ್ನ ವೈನಿಗೆ, ಅಂದರೆ ಅಣ್ಣನ ಹೆಂಡತಿ ತುಳಸಾಬಾಯಿಗೆ, ಚೇಷ್ಟೆ ಮಾಡಿದ.

ತುಳಸಾಬಾಯಿಯ ಮಡಿ ಬಲು ಬಿಗಿ. ಬೆಳಿಗ್ಗೆ ಮಡಿಸೀರೆ ಉಟ್ಟಳೆಂದರೆ ದೇವರ ನೈವೇದ್ಯ ಆಗುವ ತನಕ ಹೊರಗಿನದೇನನ್ನೂ ಮುಟ್ಟುವವಳಲ್ಲ. ಹಳೆಯ ಬಟನ್ ಫೋನು ಮಾತ್ರ ಆಕೆಯ ಮಡಿಗೆ ಹೊಂದಿಕೊಂಡು ಸಂಸಾರ ಮಾಡಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಕೂತಿರುತ್ತಿತ್ತು. ಬಾರಿಸಿದರೆ ಒಣ ತುಳಸಿಕಡ್ಡಿಯಿಂದ ಹಸಿರು ಬಟನ್ ಒತ್ತುವಳು, ಸ್ಪೀಕರಿನದೂ ಒತ್ತುವಳು, ದೂರ ನಿಂತು ಕೂಗಿ ಮಾತಾಡುವಳು. ಕಡ್ಡಿಯಿಂದ ಒತ್ತಿದರೆ ಮುಟ್ಟಿದಂತಲ್ಲ ಎನ್ನುವುದು ಆಕೆ ತನಗೆ ತಾನೇ ಕೊಟ್ಟುಕೊಂಡ ತೀರ್ಪು.

ಒತ್ತಿ ಒತ್ತಿ ಬಟನ್ನುಗಳು ಒಳಗೆ ಕುಸಿದಾಗ ರಘೂತ್ತಮ ಬನಹಟ್ಟಿಗೆ ಹೋಗಿ ಗಾಜಿನ ಮುಖದ ಹೊಸ ಫೋನು ತಂದ. ಅದಕ್ಕೆ ಕಡ್ಡಿ ನಡೆಯಲಿಲ್ಲ. ಮನುಷ್ಯರ ಚರ್ಮ ತಾಕಿದರಷ್ಟೇ ಅದಕ್ಕೆ ಎಚ್ಚರ. ಮಡಿಯ ಮನೆಗೆ ಇಂಥ ಫೋನು ಬೇಡವೆಂದು ತುಳಸಾಬಾಯಿ ಹಟ ಹಿಡಿದಳು. ಮುಟ್ಟುವುದೇ ಬೇಕಿಲ್ಲ, ಗೋವಿಂದಾ ಅಂದರೆ ಸಾಕು, ಫೋನು ತಾನೇ ಎತ್ತಿಕೊಳ್ಳುತ್ತದೆ ಎಂದ ರಘೂತ್ತಮ. ಫೋನನ್ನು ಕಿಟಕಿಯಲ್ಲಿಟ್ಟು ಹಿತ್ತಲಿಗೆ ಹೋಗಿ, ಅದೇ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ತನ್ನ ಫೋನಿನಿಂದ ಬಾರಿಸಿದ. ಆಕೆ ಗೋವಿಂದಾ ಅಂದಳು. ಆತ ಬಾರಿಸುವುದನ್ನು ನಿಲ್ಲಿಸಿ ಅಣ್ಣನ ದನಿಯಲ್ಲಿ, "ತುಳಸಾ, ಅಡಗಿ ಆತೇನು?" ಅಂದ. ಮಠದಲ್ಲಿ ಕೂತ ಗಂಡ ಗಾಜಿನೊಳಗಿಂದ ಕೇಳಿದನೆಂದು ತುಳಸಾಬಾಯಿ ಕೈಮುಗಿದೇಬಿಟ್ಟಳು. ನಾಳೆ ಊಟಕ್ಕೆ ಕೂತಾಗ ಎಲ್ಲರೆದುರು ಖರೆ ಹೇಳಿ ನಗಿಸಬೇಕೆಂದು ರಘೂತ್ತಮ ಲೆಕ್ಕ ಹಾಕಿದ್ದ.

ಆ ನಾಳೆ ಬೇರೆಯೇ ರೀತಿ ಬೆಳಗಾಯಿತು. ಬಸುರಿ ಸೊಸೆ ಹರ್ಷದಾಗೆ ನಸುಕಿನಲ್ಲಿ ನೋವು ಎದ್ದಿತು, ದಿನ ತುಂಬುವ ಮೊದಲೇ. ಹಿಂದೆ ಎರಡು ಸಲ ಆಕೆ ಬರಿಗೈಯಲ್ಲಿ ದವಾಖಾನೆಯಿಂದ ತಿರುಗಿ ಬಂದಿದ್ದಳು. ಎರಡನೆಯ ಸಲ ಆಕೆಯೇ ಉಳಿಯುವುದು ಕಷ್ಟ ಎಂದಿದ್ದರು. ಮಗ ಧೀರೇಂದ್ರ, ಕೃಷ್ಣಾಜಿ, ರಘೂತ್ತಮ ಎಲ್ಲ ಕಾರು ಹತ್ತಿ ಮುಧೋಳಕ್ಕೆ ಓಡಿದರು. ತುಳಸಾಬಾಯಿ ಮಾತ್ರ ಹೋಗುವಂತಿರಲಿಲ್ಲ. ನವರಾತ್ರಿ, ದೇವರ ಮುಂದೆ ಅಖಂಡ ದೀಪ ಉರಿಯುತ್ತಿತ್ತು. ಅದು ಆರಬಾರದು, ಮನೆ ಖಾಲಿ ಬೀಳಬಾರದು. ಪಕ್ಕದ ಮನೆಯವರು ಬೀಗ ಹಾಕಿಕೊಂಡು ಬೀಳಗಿಗೆ ಹೋಗಿದ್ದರು.

ಆಕೆ ಸ್ನಾನ ಮಾಡಿ, ಮಡಿ ಉಟ್ಟು, ದೀಪಕ್ಕೆ ಎಣ್ಣೆ ತುಂಬಿ ಒಲೆಯ ಮುಂದೆ ಕೂತಳು. ಕೈ ಕಡಲೆಬೇಳೆ ತಿರುವುತ್ತಿತ್ತು, ಕಿವಿ ಕಿಟಕಿಯಲ್ಲಿತ್ತು.

ಫೋನು ಬಾರಿಸಿತು.

"ಗೋವಿಂದಾ" ಅಂದಳು. ಫೋನು ಬಾರಿಸುತ್ತಲೇ ಇತ್ತು. ಇನ್ನೊಮ್ಮೆ ಗಟ್ಟಿಯಾಗಿ ಅಂದಳು. ಬಾರಿಸಿ ಬಾರಿಸಿ ಸುಮ್ಮನಾಯಿತು.

ತನ್ನ ದನಿ ನಡುಗಿದ್ದಕ್ಕೆ ಫೋನಿಗೆ ಗುರುತು ಹತ್ತಲಿಲ್ಲವೇನೋ ಎಂದು ಗಂಟಲು ಸರಿಮಾಡಿಕೊಂಡು ಕಿಟಕಿಯ ಮುಂದೆ ನಿಂತಳು. ಮತ್ತೆ ಬಾರಿಸಿತು. ಗೋವಿಂದನಿಗೆ ಬಗ್ಗಲಿಲ್ಲವೆಂದು ಕೇಶವನಿಂದ ಸುರು ಮಾಡಿದಳು. ನಾರಾಯಣ, ಮಾಧವ, ವಿಷ್ಣು, ವಾಮನ. ಆಚಮನಕ್ಕೆ ಹೇಳುವ ಅಷ್ಟೂ ನಾಮಗಳು ಮುಗಿದವು, ಒಂದೂ ಆ ಗಾಜಿಗೆ ತಟ್ಟಲಿಲ್ಲ. ಕಡೆಗೆ ಗಂಡನ ಹೆಸರು ಎಂದೂ ಹೇಳದವಳು ಅದನ್ನೂ ಕೂಗಿದಳು. ಫೋನು ನಿಂತಿತು.

ಮೇಲಿಂದ ಮೇಲೆ ಫೋನು ಮಾಡಬೇಕಾದರೆ ಏನೋ ಆಗಿದೆ. ಒಳ್ಳೆಯದಾದರೆ ಇಷ್ಟು ಅವಸರ ಯಾಕೆ? ಹರ್ಷದಾ ಹೋಗುವಾಗ ಹೊಸ್ತಿಲಲ್ಲಿ ತಿರುಗಿ, "ಅತ್ಯಾ, ಬರ್ತೀನಿ" ಅಂದಿದ್ದಳು. ತಾನು ಮಡಿಯಲ್ಲಿರದಿದ್ದರೂ ಮುಂಜಾನೆಯ ಆ ಗಡಿಬಿಡಿಯಲ್ಲಿ ಆಕೆಯ ತಲೆ ಮುಟ್ಟಿರಲಿಲ್ಲ.

ಮೂರನೆಯ ಸಲ ಬಾರಿಸಿದಾಗ ತುಳಸಿಕಡ್ಡಿಯಿಂದ ಚುಚ್ಚಿದಳು, ಸೌಟಿನ ಹಿಡಿಯಿಂದ ಒತ್ತಿದಳು, ಬಾಳೆಲೆಯ ತುಂಡು ಹಾಕಿ ತಿಕ್ಕಿದಳು. ಗಾಜಿನ ಮೇಲೆ ಧೀರೇಂದ್ರನ ಫೋಟೊ ನಗುತ್ತಲೇ ಇತ್ತು. ಸೌಟು ಬಿಸಾಕಿ ಬೆರಳಿಟ್ಟಳು.

ಆಕೆ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಮಡಿ ಮುರಿದಿದ್ದಳು, ಆದರೂ ಫೋನಿಗೆ ಅದರ ಕಿಮ್ಮತ್ತಿಲ್ಲ. ಬೆರಳು ಹಸಿಯಾಗಿತ್ತು, ನೀರು ಗಾಜಿನ ಮೇಲೆ ಹರಡಿತು, ಫೋಟೊ ಅಲುಗಾಡಿತು ಅಷ್ಟೆ. ಸೆರಗಿಗೆ ಒರೆಸಿಕೊಂಡು ತಿಕ್ಕಿದಳು. ಫೋನು ಕಟ್ಟಾಯಿತು.

ಇನ್ನು ತಾನೇ ಮಗನಿಗೆ ಫೋನು ಮಾಡಬೇಕು. ಹಳೆಯ ಫೋನಿನಲ್ಲಿ ಐದರ ಮೇಲೊಂದು ಸಣ್ಣ ಗುಬುಟು ಇತ್ತು. ಅದನ್ನು ಹೆಬ್ಬೆರಳು ಸವರಿದರೆ ಸಾಕು, ಕಣ್ಣುಮುಚ್ಚಿ ಮಗನ ನಂಬರು ಒತ್ತುವಳು. ಇಲ್ಲಿ ಸವರಿದರೆ ಬರೀ ನುಣುಪು, ಎಣ್ಣೆ ಹಚ್ಚಿದ ಹಾಳೆಯಂತೆ. ಎಲ್ಲಿ ತಾಕಿದರೂ ಏನೋ ತೆರೆದುಕೊಳ್ಳುತ್ತಿತ್ತು. ಒಮ್ಮೆ ಗಾಜಿನ ತುಂಬ ಒಬ್ಬ ಮುದುಕಿ ಬಂದಳು, ಕುಂಕುಮ ಹರಡಿದ ಹಣೆ, ಒಡೆದ ತುಟಿ, ಕಣ್ಣಲ್ಲಿ ನೀರು. ಯಾರಿದು ಎಂದು ಹೆದರಿ ನೋಡಿದರೆ ತಾನೇ.

ಆ ಮುದುಕಿಯ ಮೇಲೆಯೇ ಫೋನು ಮತ್ತೆ ಬಾರಿಸಿತು. ಈ ಸಲ ಒಣ ಬೆರಳಿನಿಂದ ಹಸಿರನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು, ಹಾಲಿನ ಕೆನೆ ಸರಿಸಿದ ಹಾಗೆ.

ಧೀರೇಂದ್ರನ ಫೋನಿನಿಂದ ರಘೂತ್ತಮ. ಬೇರೆ ಯಾರ ದನಿಯೂ ಅಲ್ಲ, ಆತನದೇ, ಅದೂ ಒಡೆದದ್ದು. "ವೈನಿ, ಆ ಗೋವಿಂದಾ ಅಂದದ್ದು ಸುಳ್ಳರಿ. ನಾನ ಕಿಟಕಿ ಕೆಳಗ ಕೂತು..."

"ಅದು ಹಾಳಾಗ್ಲಿ. ಹರ್ಷದಾ ಹ್ಯಾಂಗಿದ್ದಾಳ?"

"ಆರಾಮ ಇದ್ದಾಳ. ಹೆಣ್ಣು ಕೂಸು. ಅದೂ ಆರಾಮ ಅದ."

ಆಕೆ ನಂಬಲಿಲ್ಲ. ಹೇಗೆ ನಂಬುವುದು? ಸತ್ತ ಸುದ್ದಿಯನ್ನು ಸಕ್ಕರೆಯಲ್ಲಿ ಅದ್ದಿ ಹೇಳಲಿಕ್ಕೆ ಇದೇ ಮನುಷ್ಯನನ್ನು ಮುಂದೆ ಮಾಡಿದ್ದಾರು. ಧೀರೇಂದ್ರನಿಗೆ ಕೊಡು ಅಂದಳು. ಅಮ್ಮಾ, ಖರೇನ ಅದ ಎಂದು ಮಗನ ದನಿ ಬಂತು. ಆ ದನಿಯೂ ರಘೂತ್ತಮನಿಗೆ ಬರುತ್ತದೆ. ಕೂಸಿನ ಅಳು ಕೇಳಿಸಿದರು. ಅದಂತೂ ಮದುವೆಮನೆಗಳಲ್ಲಿ ಆತ ತೆಗೆದು ತೆಗೆದು ಪಳಗಿದ್ದು. ತುಳಸಾಬಾಯಿ ಗೋಡೆಗೆ ಒರಗಿ ಕೂತು ಒಂದು ಉಪಾಯ ಹುಡುಕಿದಳು. ಆಮೇಲೆ ಅಂದಳು:

"ರಘು, ನೀ ಸಂಧ್ಯಾವಂದನಿ ಮಂತ್ರ ಹೇಳಕೋತ ಇರು, ನಿಲ್ಲಿಸಬ್ಯಾಡ. ಕೂಸು ಬಾಜೂಕ ಅಳ್ಳಿ."

ಆತ ಹೇಳತೊಡಗಿದ. ನಡುವೆ ತಪ್ಪಿದ, ಮತ್ತೆ ಹೇಳಿದ. ಮಂತ್ರದ ಮೇಲೆಯೇ, ಅದನ್ನು ಸೀಳಿಕೊಂಡು, ಕೂಸು ಕಿಟಾರನೆ ಅತ್ತಿತು. ಒಂದು ಬಾಯಿಂದ ಎರಡೂ ಹೊರಡಲಾರವು. ಹಿಂದಿನಿಂದ ಸೋತ ದನಿಯೊಂದು "ಅತ್ಯಾ" ಅಂತು.

ತುಳಸಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಿದ್ದ ಹಾಗೆಯೇ ಏನೋ ಹೊಳೆದು ಸೆರಗು ತೆಗೆದಳು.

"ಅಲ್ಲೋ ರಘು, ಅಂದ್ರ ವೃದ್ಧಿ ಬಂತು."

ಮನೆತನದಲ್ಲಿ ಕೂಸು ಹುಟ್ಟಿದ ಸುದ್ದಿ ಕಿವಿಗೆ ಬಿದ್ದರೆ ವೃದ್ಧಿಯ ಮೈಲಿಗೆ. ಪೂಜೆಯಿಲ್ಲ, ಮಡಿಯಿಲ್ಲ, ದೀಪವನ್ನು ಬೇರೆ ಗೋತ್ರದವರು ಬಂದು ನೋಡಿಕೊಳ್ಳಬೇಕು. ಗೋವಿಂದಾ ಅಂದಾಗಲೇ ಫೋನು ಎತ್ತಿಕೊಂಡಿದ್ದರೂ ಆ ಸುದ್ದಿಯೇ ಬಂದು ಆಕೆಯನ್ನು ಮುಟ್ಟುತ್ತಿತ್ತು. ಕೇಶವ ನಾರಾಯಣರನ್ನೆಲ್ಲ ಕರೆದು, ಬಾಳೆಲೆಯಿಂದ ಗಾಜು ತಿಕ್ಕಿ ತಾನು ಕಾಯ್ದದ್ದು ಉಳಿಯುವ ಮಡಿಯೇ ಆಗಿರಲಿಲ್ಲ.

"ಆಚಾರ್ರನ್ನ ದೀಪದ ಮುಂದ ಕೂಡಸಿ ನನ್ನ ಕರಕೊಂಡು ಹೋಗು. ಕೂಸಿನ್ನ ಮುಟ್ಟಬೇಕು ನಾ."

ಅತ್ತ ರಘೂತ್ತಮ ತಪ್ಪಾಯಿತೆಂದು ಬಿಕ್ಕುತ್ತಲೇ ನಗಲು ನೋಡಿದ. ಕೃಷ್ಣಾಜಿ ನಕ್ಕ, ಧೀರೇಂದ್ರ ನಕ್ಕ. ಆದರೆ ಆ ಫೋನಿನಿಂದ ಹೊರಟು ದವಾಖಾನೆಯ ಪಡಸಾಲೆಯುದ್ದಕ್ಕೂ ಹಬ್ಬಿ ನರ್ಸಮ್ಮನನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದು ಜಮಖಂಡಿಯ ಅಡುಗೆಮನೆಯಲ್ಲಿ ಒಬ್ಬಳೇ ಕೂತ ತುಳಸಾಬಾಯಿಯ ನಗು.