ಕಿರುಬಾಗಿಲಿನ ಹುಡುಗ

ಬೆಳೆಯುವ ಮಕ್ಕಳ ಬಟ್ಟೆಯನ್ನು ಯಾವ ದರ್ಜಿಯೂ ಅಳತೆಗೆ ಸರಿಯಾಗಿ ಹೊಲಿಯುವುದಿಲ್ಲ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಾನೆ. ಬಿಡದಿದ್ದರೆ ತಾಯಂದಿರು ಸುಮ್ಮನೆ ಬಿಡಬೇಕಲ್ಲ! “ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದಾಗೇ ಇರ್ಲಿ ಮಾಸ್ಟ್ರೇ” ಎಂದು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಶುರು ಮಾಡುತ್ತಾರೆ. ನಮ್ಮ ದರ್ಜಿ ಮಾಸ್ಟರ್, ಪೇಟೆಯ ಅಂಗಡಿಯಲ್ಲಿ ಕೂತು ಅರ್ಧ ಆಯಸ್ಸು ಊರ ಮಕ್ಕಳಿಗೆಲ್ಲ ಹೀಗೆ ಬೆಳೆಯಲು ಜಾಗ ಬಿಟ್ಟು ಹೊಲಿದವನು. ಆದರೆ ಸ್ವಂತ ಮಗನ ಅಂಗಿಯಲ್ಲಿ ಅವನು ಒಂದೆಳೆ ಬಟ್ಟೆಯನ್ನೂ ಹೆಚ್ಚಿಗೆ ಬಿಡದೆ ವರ್ಷಗಳೇ ಆಗಿದ್ದವು.

ಮಗ ಟೀವಿ ಧಾರಾವಾಹಿಯಲ್ಲಿ ನಟಿಸುತ್ತಿದ್ದ. ಪಾತ್ರದ ಹೆಸರು ಬಟಾಣಿ. ಬೀದಿಯವರೂ ಬಟಾಣಿ ಎಂದರು, ಮನೆಯವರೂ ಬಟಾಣಿ ಎಂದರು. ಹೆತ್ತವರು ಇಟ್ಟ ಹೆಸರನ್ನು ಶಾಲೆಯಲ್ಲಿ ಮಾತ್ರ ಕರೆಯುತ್ತಿದ್ದರು, ಅಲ್ಲಿ ಅದಕ್ಕೆ ಓಗೊಡುವವನು ಇರುತ್ತಿರಲಿಲ್ಲ. ಧಾರಾವಾಹಿಯ ಕಥೆ ಇಷ್ಟೇ: ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿರುಬಾಗಿಲು. ದೊಡ್ಡವರು ಅದನ್ನು ದಾಟಬೇಕಾದರೆ ಬಗ್ಗಬೇಕು. ಒಬ್ಬರ ಮುಂದೆ ಒಬ್ಬರು ಬಗ್ಗುವ ಜನ ಅವರಲ್ಲ. ತಲೆ ಬಗ್ಗಿಸದೆ ಆಚೆಗೂ ಈಚೆಗೂ ಓಡಾಡುವವನು ಬಟಾಣಿ ಒಬ್ಬನೇ. ಪ್ರತಿದಿನದ ಕಂತು ಶುರುವಾಗುತ್ತಿದ್ದುದೇ ಅವನು ಆ ಬಾಗಿಲಿನಿಂದ ನೆಟ್ಟಗೆ ಓಡಿಬಂದು ತಾತನ ಕಾಲು ತಬ್ಬಿಕೊಳ್ಳುವುದರಿಂದ. ಅವನು ತಲೆ ತಗ್ಗಿಸಬೇಕಾಗಿ ಬಂದ ದಿನ ಪಾತ್ರ ಮುಗಿಯಿತು ಎಂದೇ ಲೆಕ್ಕ. ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಐದು ವರ್ಷದವನಾಗಿದ್ದಾಗ ಅವನ ನೆತ್ತಿಗೂ ಬಾಗಿಲ ಮೇಲಿನ ಪಟ್ಟಿಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಒಂದು ಗೇಣನ್ನು ನಂಬಿಕೊಂಡು ಒಂದು ಸಂಸಾರವೇ ಎದ್ದು ಬಂತು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದ ಮಾಸ್ಟರಿನ ಹೆಂಡತಿ ಕೆಲಸ ಬಿಟ್ಟಳು. ಸೆಟ್ಟಿನಲ್ಲಿ ಹುಡುಗನ ಜೊತೆ ಯಾರಾದರೂ ಇರಬೇಕಲ್ಲ. ಅಡುಗೆ ಹಿರಿಮಗಳ ತಲೆಗೆ ಬಂತು. ಅವಳು ಓಟದಲ್ಲಿ ಶಾಲೆಗೇ ಮೊದಲು. ಬೆಳಗಿನ ಅಭ್ಯಾಸಕ್ಕೆ ಹೋದರೆ ಒಲೆ ಹಚ್ಚುವವರಿಲ್ಲ ಎಂದು ಓಟದ ಬೂಟು ಮಂಚದ ಕೆಳಗೆ ಸೇರಿತು. ಪೇಟೆಯ ಅಂಗಡಿಗೆ ಬಾಗಿಲು ಹಾಕಿ ಮಾಸ್ಟರ್ ಸ್ಟುಡಿಯೋದ ಬಟ್ಟೆ ಕೋಣೆಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡ. ಮನೆಯನ್ನೂ ಸ್ಟುಡಿಯೋದ ಹಿಂದಿನ ಬೀದಿಗೆ ಬದಲಾಯಿಸಿದರು. ಕಿಟಕಿ ತೆರೆದರೆ ಜನರೇಟರಿನ ಸದ್ದು, ಮುಚ್ಚಿದರೆ ಸೆಕೆ.

“ಎಲ್ಲಾ ನಿನಗೋಸ್ಕರ ಕಣೋ” ಎಂದು ಹೆಂಡತಿ ಹುಡುಗನ ತಲೆ ಬಾಚುವಾಗ ಹೇಳುವಳು. ಕೋಪದಿಂದಲ್ಲ, ಮುದ್ದಿನಿಂದಲೇ. ದಿನಾ ಹೇಳುವಳು. ಹುಡುಗ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಹೂಂಗುಟ್ಟುವನು.

ಬಾಗಿಲ ಪಟ್ಟಿ ಹತ್ತಿರವಾಗುತ್ತ ಬಂತು. ಸೆಟ್ಟಿನ ಬಡಗಿ ಒಳ್ಳೆಯ ಮನುಷ್ಯ. ಯಾರಿಗೂ ಹೇಳದೆ ಒಂದು ಸಲ ಎರಡು ಬೆರಳು ಪಟ್ಟಿ ಮೇಲೇರಿಸಿದ, ಇನ್ನೊಂದು ಸಲ ಇನ್ನೆರಡು. ಮೂರನೆಯ ಸಲ ಡೈರೆಕ್ಟರ್ ಹಳೆಯ ಕಂತು ಹಾಕಿಕೊಂಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ರಯ್ಯ, ನಮ್ಮ ಸೆಟ್ಟಲ್ಲಿ ಬಾಗಿಲೂ ಬೆಳೀತಿದೆಯಲ್ಲ!” ಎಂದ. ನಗು ಮುಗಿದ ಮೇಲೆ ಬಟಾಣಿಯನ್ನು ಮೇಲಿಂದ ಕೆಳಗೆ ನೋಡಿದ. “ಸಾಕು. ಇನ್ನು ಮುಂದೆ ಇದು ಬೆಳೆಯೋದು ಬೇಡ.”

ಅವನು ಹೇಳಿದ್ದು ಬಾಗಿಲನ್ನೇ. ಆದರೂ ಮಾಸ್ಟರ್ ಥಟ್ಟನೆ ಮಗನ ಕಡೆ ತಿರುಗಿದ. ಹುಡುಗ ಪಕ್ಕದಲ್ಲೇ ನಿಂತಿದ್ದ.

ಅಲ್ಲಿಂದ ಮನೆಯಲ್ಲಿ ಟೇಪು ಹಿಡಿಯುವುದೆಂದರೆ ಪರೀಕ್ಷೆಯ ಫಲಿತಾಂಶ ನೋಡಿದ ಹಾಗಾಯಿತು. ತಿಂಗಳಿಗೊಮ್ಮೆ ಮಾಸ್ಟರ್ ಕುತ್ತಿಗೆಯ ಟೇಪು ತೆಗೆದು ಹುಡುಗನನ್ನು ನಿಲ್ಲಿಸಿಕೊಳ್ಳುವನು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವಳು. ತಾಯಿ ಬಟ್ಟೆ ಮಡಿಸುತ್ತಿದ್ದ ಕೈ ನಿಲ್ಲಿಸುವಳು. ಟೇಪು ಮುಂದೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆವತ್ತು ಊಟಕ್ಕೆ ಕೂತಾಗ ಮಾತೇ ಇರುತ್ತಿರಲಿಲ್ಲ ಅಷ್ಟೇ. ಒಂದು ತಿಂಗಳು ಟೇಪು ಅಲ್ಲೇ ನಿಂತಿತು. ಮಾಸ್ಟರಿಗೆ ಎಷ್ಟು ಹಗುರವಾಯಿತೆಂದರೆ, “ಭೇಷ್ ಮಗನೇ” ಎಂದು ಬೆನ್ನು ತಟ್ಟಿ, ಗುಂಡಿಯ ಡಬ್ಬಿ ತೆರೆದು, “ಯಾವುದು ಬೇಕೋ ತಗೋ” ಎಂದ. ಹುಡುಗ ಬಹಳ ಹೊತ್ತು ಹುಡುಕಿ ಒಂದು ನೀಲಿ ಗಾಜಿನ ಗುಂಡಿ ತೆಗೆದುಕೊಂಡ.

ಮರುತಿಂಗಳೂ ಟೇಪು ಅಲ್ಲೇ ನಿಂತಿತು. ಅದರ ಮರುತಿಂಗಳೂ. ಹುಡುಗನ ಹತ್ತಿರ ಗುಂಡಿಗಳು ಕೂಡುತ್ತ ಹೋದವು.

ಒಬ್ಬ ದರ್ಜಿಗೆ ಆಗಲೇ ಗೊತ್ತಾಗಬೇಕಿತ್ತು. ಬೆಳೆಯುವ ಮಕ್ಕಳ ಮೇಲೆ ಟೇಪು ಹೀಗೆ ಸತ್ತು ಬೀಳುವುದಿಲ್ಲ. ಆದರೆ ಬೇಕಾದದ್ದನ್ನು ಹೇಳುವ ಟೇಪಿನ ಮೇಲೆ ಯಾರು ಅನುಮಾನ ಪಡುತ್ತಾರೆ? ಅಂಗಿ ಬೇರೆಯದೇ ಹೇಳುತ್ತಿತ್ತು. ಹಿಂದಿನ ಅಂಚು ಮೇಲೆ ಎತ್ತಿಕೊಳ್ಳುತ್ತಿತ್ತು, ಮುಂದಿನ ಅಂಚು ಜೋತು ಬೀಳುತ್ತಿತ್ತು. ತೊಳೆದಾಗ ಬಟ್ಟೆ ಎಳೆದಿರಬೇಕು ಎಂದುಕೊಂಡ ಮಾಸ್ಟರ್. ಹೊಸ ಅಂಗಿ ಕತ್ತರಿಸುವಾಗ ಬೆನ್ನಿನ ಭಾಗ ಸ್ವಲ್ಪ ಉದ್ದ ಇಟ್ಟ, ಎದೆಯ ಭಾಗ ಸ್ವಲ್ಪ ಗಿಡ್ಡ ಮಾಡಿದ. ಅಂಚು ಸಮನಾಗಿ ನಿಂತಿತು. ಮುಂದಿನ ಅಂಗಿಗೆ ಇನ್ನೂ ಸ್ವಲ್ಪ. ಕತ್ತರಿಯಲ್ಲಿ ಪಳಗಿದ ಕೈ ಅದು, ತಲೆಯನ್ನು ಕೇಳದೆ ತನ್ನಷ್ಟಕ್ಕೆ ತಾನೇ ಸರಿ ಮಾಡಿಕೊಂಡು ಹೋಯಿತು. ಅವನ ಆ ಕೈಯ ಮೇಲೆ ಈ ಕಥೆ ಹೇಳುವ ನನಗೆ ಇವತ್ತಿಗೂ ಸಿಟ್ಟಿದೆ.

ಸೆಟ್ಟಿನಲ್ಲಿ ಇದೊಂದು ತಮಾಷೆಯಾಗಿತ್ತು. ತಾತನ ಪಾತ್ರದ ಹಿರಿಯ ನಟರು ನಿಜಕ್ಕೂ ಬೆನ್ನು ಬಾಗಿದವರು. ಬಟಾಣಿ ಅವರ ಹಿಂದೆ ಅವರ ಹಾಗೇ ಕತ್ತು ಮುಂದೆ ಚಾಚಿಕೊಂಡು, ಮೊಣಕಾಲು ಸಡಿಲ ಬಿಟ್ಟುಕೊಂಡು ನಡೆಯುತ್ತಿದ್ದ. “ನೋಡ್ರೀ ಕಳ್ಳನನ್ನ, ತಾತನ್ನೇ ಎತ್ತಿಬಿಟ್ಟಿದ್ದಾನೆ” ಎಂದು ಮೇಕಪ್ಪಿನವಳು ನಗುವಳು. ಲೈಟಿನವರು ಚಪ್ಪಾಳೆ ಹೊಡೆಯುವರು. ತಾಯಿಯೂ ನಗುವಳು. ಕ್ಯಾಮೆರಾ ಆರಿದ ಮೇಲೂ, ನಲ್ಲಿಯಲ್ಲಿ ಕೈ ತೊಳೆಯುವಾಗಲೂ ಹುಡುಗ ಹಾಗೇ ಇರುತ್ತಿದ್ದ ಎಂಬುದನ್ನು ಯಾರೂ ನೋಡಲಿಲ್ಲ.

ಒಂದು ಬೆಳಿಗ್ಗೆ ತಾತನ ಹಳೆಯ ಕೋಟು ಹರಿದು, ಹೊಸದು ಹೊಲಿಯಬೇಕಾಯಿತು. ಮಾಸ್ಟರ್ ತಾತನ ಅಳತೆಗೆ ಕತ್ತರಿಸಿಟ್ಟಿದ್ದ ಕಂದು ಕಾಗದದ ನಮೂನೆಯನ್ನು ಮೇಜಿನ ಮೇಲೆ ಹಾಸಿದ. ಅಲ್ಲೇ ಬಟಾಣಿಯ ಅಂಗಿಯ ಕಾಗದವೂ ಬಿದ್ದಿತ್ತು. ಬದಿಗೆ ಸರಿಸಲು ಹೋದವನು ಸರಿಸಲಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಬೆನ್ನಿನ ಗೆರೆ ಮಾತ್ರ ಎರಡರದೂ ಒಂದೇ. ಅದೇ ಉಬ್ಬು, ಅದೇ ಬಾಗು. ಎರಡನ್ನೂ ಅವನೇ ಕತ್ತರಿಸಿದ್ದ.

ಅವನು ಕತ್ತರಿ ಕೆಳಗಿಟ್ಟ. ಎದ್ದು ಹೋಗಿ, ಪಕ್ಕದ ಕೋಣೆಯಲ್ಲಿ ಮಾತು ಬಾಯಿಪಾಠ ಮಾಡುತ್ತಿದ್ದ ಮಗನನ್ನು ಕರೆತಂದು ಬಾಗಿಲು ಹಾಕಿದ.

“ಗೋಡೆಗೆ ಒರಗಿ ನಿಂತ್ಕೋ. ನೆಟ್ಟಗೆ.”

ಹುಡುಗ ನಿಂತ.

“ನೆಟ್ಟಗೆ ಅಂದೆ.”

“ನೆಟ್ಟಗೇ ನಿಂತಿದೀನಲ್ಲಪ್ಪ.”

ತಲೆಗೂ ಗೋಡೆಗೂ ನಡುವೆ ಮಾಸ್ಟರಿನ ಇಡೀ ಅಂಗೈ ಹಿಡಿಸಿತು. ಹಣೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಒತ್ತಿದ. ಬೆನ್ನು ಬರಲಿಲ್ಲ. ಹುಡುಗ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಮಾಸ್ಟರ್ ಕೈ ತೆಗೆದುಬಿಟ್ಟ.

“ಯಾವಾಗಿಂದ ಹೀಗೆ ನಿಲ್ತಿದೀಯ?”

“ಬಾಗಿಲು ಬೆಳೆಯೋದು ಬೇಡ ಅಂದ್ರಲ್ಲ, ಆವಾಗಿಂದ. ಗಿಡ್ಡ ಆಗೋದು ಹೇಗೆ ಅಂತ ತಾತನ್ನ ಕೇಳಿದೆ. ಎದೆ ಒಳಗೆ ತಗೊಂಡು ಕಾಲು ಸಡಿಲ ಬಿಡು ಅಂದ್ರು. ಮಲಗೋವಾಗಲೂ ಮುದುರ್ಕೊಂಡೇ ಮಲಗ್ತೀನಿ.” ತಂದೆಯ ಮುಖ ನೋಡಿ ಧೈರ್ಯ ಹೇಳುವಂತೆ ಸೇರಿಸಿದ. “ಮೊದ್ಲು ನೋಯ್ತಿತ್ತು. ಈಗ ನೋಯಲ್ಲ.”

ಮಾಸ್ಟರ್ ಕುತ್ತಿಗೆಯ ಟೇಪು ತೆಗೆದು ಮೇಜಿನ ಮೇಲಿಟ್ಟ. ಹುಡುಗ ಅದನ್ನೇ ನೋಡುತ್ತ ಕೇಳಿದ: “ಗುಂಡಿ ಎಲ್ಲಾ ವಾಪಸ್ ತಗೋತೀಯಾ?”

ಮಧ್ಯಾಹ್ನ ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಕೇಳಿಸಿಕೊಂಡಳು. ಕಲ್ಲುಮನಸ್ಸಿನವಳಲ್ಲ ಅವಳು. ಆದರೂ ಕೊನೆಗೆ ಬಾಯಿಂದ ಬಂದದ್ದು ಬೇರೆ.

“ಈ ವರ್ಷ ಒಂದು ಮುಗೀಲಿ ರೀ. ಎಳೇ ಮೂಳೆ, ಬಿಟ್ರೆ ತಾನಾಗೇ ನೆಟ್ಟಗಾಗತ್ತೆ. ಮುದುಕನಾ ಅವನು?”

“ಆಗದಿದ್ರೆ?”

“ನಾನು ಕೆಲಸ ಬಿಟ್ಟಾಗ ಹಿಂಗೆ ಕೇಳಬೇಕಿತ್ತು ನೀವು. ಅವಳು ಓಡೋದು ಬಿಟ್ಟಾಗ ಕೇಳಬೇಕಿತ್ತು. ಈಗ ನಡುನೀರಲ್ಲಿ ನಿಲ್ಸಿ ಕೇಳ್ತೀರಲ್ಲ. ಇವತ್ತು ಅವನು ಹೊರಗೆ ಬಂದ್ರೆ ನಾವೆಲ್ಲ ಬಿಟ್ಟಿದ್ದು ಏನಕ್ಕೆ?”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಮಗಳು ಅಲ್ಲಿಂದಲೇ, ಹೊರಗೆ ಬಾರದೆ ಹೇಳಿದಳು: “ನನ್ನ ಹೆಸರು ಇದಕ್ಕೆ ಎಳೀಬೇಡಮ್ಮ. ನಾನು ಓಡೋದು ಬಿಟ್ಟಿದ್ದಕ್ಕೆ ಅವನು ನಡೆಯೋದು ಬಿಡಬೇಕಾಗಿಲ್ಲ.”

ತಾಯಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಆದರೆ ಒಪ್ಪಲಿಲ್ಲ.

ಮಾಸ್ಟರ್ ಜಗಳಗಂಟನಲ್ಲ. ಡೈರೆಕ್ಟರಿನ ಎದುರು ನಿಂತು ನಾಲ್ಕು ಮಾತಾಡುವ ಗಂಟಲೂ ಅವನಿಗಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಬಟ್ಟೆ. ಒಂದು ಹೊಸ ಅಂಗಿ ಕತ್ತರಿಸಿದ, ಬೆನ್ನು ನೆಟ್ಟಗಿರುವ ಮಗುವಿಗೆ ಹೇಗೋ ಹಾಗೆ. ಹಿಂದೆ ಮುಂದೆ ಒಂದೇ ಉದ್ದ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟ. ಇದನ್ನು ತೊಟ್ಟು ಹುಡುಗ ದೀಪದ ಕೆಳಗೆ ನಿಂತರೆ ಯಾರ ಕಣ್ಣಿಗಾದರೂ ಬೀಳಲೇಬೇಕು. ತಾನು ಬಾಯಿಬಿಟ್ಟು ಹೇಳಲಾರದ್ದನ್ನು ಅಂಗಿಯೇ ಹೇಳಲಿ ಎಂದು ಅವನ ಆಸೆ.

ಮರುದಿನ ಹುಡುಗ ಆ ಅಂಗಿ ತೊಟ್ಟು ಕಿರುಬಾಗಿಲಿನ ಮುಂದೆ ನಿಂತ. ದೀಪಗಳು ಹೊತ್ತಿಕೊಂಡವು. ಹಿಂದಿನ ಅಂಚು ಸೊಂಟದ ಮೇಲೆ ಎದ್ದು ನಿಂತಿತ್ತು. ಮುಂದಿನದು ತೊಡೆಯ ಮೇಲೆ ಜೋತಾಡುತ್ತಿತ್ತು. ಭುಜಗಳ ನಡುವೆ ಬಟ್ಟೆ ಬಿಗಿದು, ಬೆನ್ನಿನ ಗೂನು ಎದ್ದು ಕಾಣುತ್ತಿತ್ತು. ಕುರುಡನೂ ಕೈಯಾಡಿಸಿ ಹೇಳುವಷ್ಟು ಸ್ಪಷ್ಟವಾಗಿತ್ತು.

ಮಾಸ್ಟರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕಾದ.

“ಕಟ್” ಎಂದ ಡೈರೆಕ್ಟರ್. ಕುರ್ಚಿಯಿಂದ ಎದ್ದು ಬಂದು ಹುಡುಗನ ಸುತ್ತ ಒಂದು ಸುತ್ತು ಬಂದ. “ಏನ್ ಮಾಸ್ಟ್ರೇ, ಇವತ್ತು ನಿಮ್ಮ ಕೈಗೇನಾಯ್ತು? ಅಂಗಿ ಹಿಂದೆ ಎತ್ಕೊಂಡಿದೆಯಲ್ಲ.”

“ಮುಂದೆ ಜಾಸ್ತಿ ಆಗಿದೆ ಸರ್” ಎಂದಳು ಮೇಕಪ್ಪಿನವಳು.

“ಒಂದು ಪಿನ್ ಹೊಡೆದ್ರೆ ಹೋಯ್ತು” ಎಂದ ಕ್ಯಾಮೆರಾದವನು.

ಅಷ್ಟೂ ಜನ ಅಂಗಿಯನ್ನು ನೋಡಿದರು. ತಾತನ ಪಾತ್ರದ ಹಿರಿಯರು ಮಾತ್ರ ಬಾಗಿದ ಕತ್ತನ್ನು ಓರೆ ಮಾಡಿ ಹುಡುಗನನ್ನು ನೋಡಿದರು. ನೋಡಿ, ಮಾಸ್ಟರಿನ ಹತ್ತಿರ ಬಂದು ಇವನಿಗಷ್ಟೇ ಕೇಳುವಂತೆ ಹೇಳಿದರು: “ನಾನು ಆಟಕ್ಕೆ ಅಂತ ಹೇಳ್ಕೊಟ್ಟಿದ್ದೆ ಮಾಸ್ಟ್ರೇ. ದೇವರಾಣೆ, ಆಟಕ್ಕೆ.”

ಹೆಂಡತಿ ಬಂದು ಮಾಸ್ಟರಿನ ಮುಂಗೈಗೆ ಕಟ್ಟಿದ್ದ ಸೂಜಿದಿಂಬಿನಿಂದ ಪಿನ್ನುಗಳನ್ನು ಕೀಳತೊಡಗಿದಳು. “ಕೊಡಿ, ನಾನೇ ಸರಿ ಮಾಡ್ತೀನಿ” ಎಂದಳು.

“ಅಂಗಿ ಸರಿಯಾಗಿದೆ” ಎಂದ ಮಾಸ್ಟರ್.

“ಏನಂದ್ರಿ?” ಎಂದ ಡೈರೆಕ್ಟರ್.

“ಅಂಗಿ ಸರಿಯಾಗಿದೆ.” ಮಾಸ್ಟರ್ ಎರಡನೆಯ ಸಲವೂ ಅಷ್ಟೇ ಹೇಳಿದ. ದೀಪದ ಕೆಳಗೆ ಹೋಗಿ ಮಗನ ಕೈ ಹಿಡಿದುಕೊಂಡ. ಹೆಂಡತಿಯ ಮುಷ್ಟಿಯಲ್ಲಿ ಪಿನ್ನುಗಳಿದ್ದವು. ಅವಳು ತಡೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ. ಹಿಂದಿನಿಂದ ಡೈರೆಕ್ಟರ್ ಏನೋ ಕೂಗಿದ. ಆಮೇಲೆ ಇನ್ಯಾರಿಗೋ, ಬಟಾಣಿ ಪಾತ್ರಕ್ಕೆ ನೋಡಿಟ್ಟಿದ್ದ ಆ ಇನ್ನೊಬ್ಬ ಗಿಡ್ಡ ಹುಡುಗನ ಮನೆಗೆ ಫೋನ್ ಹಚ್ಚು ಎಂದದ್ದೂ ಕೇಳಿಸಿತು.

“ಅಪ್ಪಾ” ಎಂದ ಹುಡುಗ. ದನಿಯಲ್ಲಿ ಅಳುವಿತ್ತು. “ನಾನು ಬೆಳೆದುಬಿಟ್ನಾ?”

“ಇಲ್ಲ ಮಗನೇ. ಇನ್ಮೇಲೆ ಬೆಳೀತೀಯ.”

“ಇನ್ನೊಂದ್ಸಲ ಅಳತೆ ನೋಡಪ್ಪ. ನಾನು ಬೆಳೆದಿಲ್ಲ. ಅಮ್ಮಂಗೆ ಹೇಳು.”

ಮಾಸ್ಟರ್ ಮಗನ ಕೈ ಬಿಡದೆ ನಡೆದ. ಸ್ಟುಡಿಯೋದ ಹೊರಬಾಗಿಲು ಹಾರುಹೊಡೆದಿತ್ತು. ಸೆಟ್ಟಿನ ಸಾಮಾನು ಹೇರಿದ ಲಾರಿಗಳು ಸಲೀಸಾಗಿ ಒಳಬರಲಿ ಎಂದು ಕಟ್ಟಿದ ಬಾಗಿಲು ಅದು, ಎರಡು ಆಳಿಗೂ ಮಿಕ್ಕಿದ ಎತ್ತರ. ಆಚೆ ಬಿಸಿಲು ಬಿದ್ದಿತ್ತು. ಹೊಸ್ತಿಲ ಹತ್ತಿರ ಬಂದಾಗ ಹುಡುಗ ಒಂದು ಸಲ ಮೇಲೆ ನೋಡಿದ, ತಲೆ ತಗ್ಗಿಸಿದ, ಮೊಣಕಾಲು ಮಡಿಸಿದ, ಆಮೇಲೆ ದಾಟಿದ.